ದೂರದ ಬೈಕ್ ಪ್ರಯಾಣ: ದಾರಿಯಲ್ಲಿ ನಂಬಿಗಸ್ತ ಮೆಕ್ಯಾನಿಕ್‌ನನ್ನು ಹುಡುಕುವುದು ಹೇಗೆ?

ಬೆಂಗಳೂರಿನಿಂದ ಲೇಹ್‌ಗೆ ಬೈಕಿನಲ್ಲಿ ಹೊರಟವರ ಲಗೇಜು ನೋಡಿ. ರೈನ್‌ಕೋಟು, ಜಾಕೆಟ್ಟು, ಪವರ್ ಬ್ಯಾಂಕು, ಡಬ್ಬಿ ತುಂಬ ಚಕ್ಕುಲಿ, ಎಲ್ಲ ಇರುತ್ತದೆ. ಗಾಡಿಯನ್ನು ಯಾವ ಊರಲ್ಲಿ, ಯಾರಿಗೆ ತೋರಿಸಬೇಕು ಅನ್ನುವ ಯೋಚನೆ ಮಾತ್ರ ಇರುವುದಿಲ್ಲ. ಹೋಗುವುದೇ ಮೂರು ಸಾವಿರ ಕಿಲೋಮೀಟರ್‌ಗೂ ಜಾಸ್ತಿ. ಅಷ್ಟು ಓಡಿದ ಮೇಲೆ ಚೈನು ಸಡಿಲ ಆಗುತ್ತದೆ, ಬ್ರೇಕ್ ಪ್ಯಾಡ್ ಸವೆಯುತ್ತದೆ, ಯಾವುದೋ ನಟ್ಟು ಸದ್ದಿಲ್ಲದೆ ಉದುರಿರುತ್ತದೆ. "ಕೆಟ್ಟಾಗ ನೋಡಿಕೊಂಡರಾಯ್ತು" ಎಂದು ಹೊರಟವರಿಗೆ ಗಾಡಿ ನಿಂತ ಜಾಗದ ಮೊದಲ ಗ್ಯಾರೇಜೇ ಗತಿ. ಹೆಲ್ಮೆಟ್ ಕೈಯಲ್ಲಿ ಹಿಡಿದು, ಬೆವರುತ್ತಾ ಬೈಕ್ ತಳ್ಳಿಕೊಂಡು ಬಂದವನಿಗೆ ಬೇರೆ ದಾರಿಯಿಲ್ಲ ಅನ್ನುವುದು ಗ್ಯಾರೇಜಿನವನಿಗೂ ಕಾಣುತ್ತದೆ, ಅಲ್ವಾ?

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಇಷ್ಟೇ: ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಮೆಕ್ಯಾನಿಕ್‌ನನ್ನು ಹುಡುಕಿ. ಹೇಗೂ ಮಾಡಿಸಲೇಬೇಕಾದ ಸಣ್ಣ ಕೆಲಸ ಇಟ್ಟುಕೊಂಡು, ನೀವೇ ಆರಿಸಿದ ಊರಿನಲ್ಲಿ, ಹೊಟ್ಟೆ ತುಂಬಿರುವ ಹೊತ್ತಿನಲ್ಲಿ ಹುಡುಕಿ. ಮುಂದಿನದೆಲ್ಲ ಅದನ್ನು ಮಾಡುವ ಬಗೆ.

1. ಯಾವ ಕೆಲಸ ಮೇಸ್ತ್ರಿಗೆ, ಯಾವ ಕೆಲಸ ಶೋರೂಮಿಗೆ

ಇದನ್ನು ಮನೆಯಲ್ಲೇ ತೀರ್ಮಾನಿಸಿ. ಕಂಪನಿಯ ಸರ್ವಿಸ್ ಸೆಂಟರುಗಳು ಹೆಚ್ಚಾಗಿ ಇರುವುದು ಜಿಲ್ಲಾ ಕೇಂದ್ರಗಳಲ್ಲಿ, ದೊಡ್ಡ ತಾಲ್ಲೂಕುಗಳಲ್ಲಿ. ಅಲ್ಲೂ ಸರದಿ ಇರುತ್ತದೆ. ಹೊರಗಿನ ಮೇಸ್ತ್ರಿ, ಅಂದರೆ ಸ್ವಂತ ಗ್ಯಾರೇಜಿನ ಮೆಕ್ಯಾನಿಕ್, ನಿಮ್ಮ ಕಣ್ಣೆದುರೇ ಬಿಚ್ಚುತ್ತಾನೆ, ಕಣ್ಣೆದುರೇ ಜೋಡಿಸುತ್ತಾನೆ. ಚೈನ್ ಸ್ಪ್ರಾಕೆಟ್, ಬ್ರೇಕ್ ಪ್ಯಾಡ್, ಕೇಬಲ್, ಟ್ಯೂಬ್, ಆಯಿಲ್, ವೀಲ್ ಬೇರಿಂಗ್, ಕೋನ್ ಸೆಟ್ (ಹ್ಯಾಂಡಲ್ ತಿರುಗುವ ಬೇರಿಂಗ್), ಫೋರ್ಕ್ ಆಯಿಲ್ ಸೀಲ್, ಕ್ಲಚ್ ಪ್ಲೇಟ್: ಇವೆಲ್ಲ ಒಳ್ಳೆಯ ಮೇಸ್ತ್ರಿಗೆ ದಿನನಿತ್ಯದ ಕೆಲಸ.

ಎಲ್ಲವೂ ಅವನ ಕೆಲಸ ಅಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಬೈಕುಗಳಿಗೆ ಎಬಿಎಸ್ (ಗಟ್ಟಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. 2020ರ ಏಪ್ರಿಲ್ 1ರಂದು ಬಿಎಸ್ 6 ಎಂಬ ಹೊಗೆ ಮಾಲಿನ್ಯದ ನಿಯಮ ಬಂತು, ಬಹುಪಾಲು ಬೈಕುಗಳಲ್ಲಿ ಕಾರ್ಬೊರೇಟರ್ ಹೋಗಿ, ಪೆಟ್ರೋಲನ್ನು ಕಂಪ್ಯೂಟರ್ ಅಳೆದು ಬಿಡುವ ಫ್ಯುಯೆಲ್ ಇಂಜೆಕ್ಷನ್ ಬಂತು. ಇಂಥ ಗಾಡಿಯಲ್ಲಿ ಇಂಜಿನ್ ಚೆಕ್ ಲೈಟ್ ಹತ್ತಿಕೊಂಡರೆ ಕಿವಿಗೊಟ್ಟು ಕೇಳಿ ಕಾರಣ ಹೇಳಲು ಆಗುವುದಿಲ್ಲ, ಗಾಡಿಯ ಕಂಪ್ಯೂಟರಿನಿಂದ ದೋಷ ಓದುವ ಸ್ಕ್ಯಾನರ್ ಬೇಕು. ಈಗ ಕೆಲವು ಹೊರಗಿನ ಗ್ಯಾರೇಜುಗಳಲ್ಲೂ ಸ್ಕ್ಯಾನರ್ ಇದೆ. ಫೋನ್ ಮಾಡಿದಾಗಲೇ "ಸ್ಕ್ಯಾನರ್ ಇದೆಯಾ? ನನ್ನ ಮಾಡೆಲ್‌ಗೆ ಕನೆಕ್ಟ್ ಆಗುತ್ತಾ?" ಎಂದು ಕೇಳಿಬಿಡಿ. ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್ ಮಾಡ್ಯೂಲ್, ಫ್ಯುಯೆಲ್ ಪಂಪ್ ತಕರಾರನ್ನು ಶೋರೂಮಿಗೇ ಒಯ್ಯುವುದು ವಾಸಿ. ವಾರಂಟಿ ಇರುವ ಗಾಡಿಯ ಇಂಜಿನ್ನನ್ನು ಹೊರಗೆ ಬಿಚ್ಚಿಸಲೇಬೇಡಿ. ಆಮೇಲೆ ಕ್ಲೇಮ್ ಕೇಳಿದರೆ ಕಂಪನಿಯವರಿಗೆ ಇಲ್ಲ ಅನ್ನಲು ನೀವೇ ಕಾರಣ ಕೊಟ್ಟಂತೆ.

ನಿಮ್ಮ ಮಾಡೆಲ್ ಯಾವ ವರ್ಷದ್ದು ಅನ್ನುವುದೂ ಮುಖ್ಯ. "ಬುಲೆಟ್ ಮೇಸ್ತ್ರಿ" ಎಂದು ಊರೆಲ್ಲ ಹೆಸರಾದವರು ಹಳೆಯ ಕಾಸ್ಟ್ ಐರನ್ ಇಂಜಿನ್ನನ್ನು ಕಣ್ಣುಮುಚ್ಚಿ ಜೋಡಿಸಬಲ್ಲರು. 2021ರ ಸೆಪ್ಟೆಂಬರ್‌ನಲ್ಲಿ ಬಂದ ರಾಯಲ್ ಎನ್‌ಫೀಲ್ಡ್‌ನ ಹೊಸ ಕ್ಲಾಸಿಕ್ 350ರ ಇಂಜಿನ್ನೇ ಬೇರೆ. 2023ರ ಕೊನೆಗೆ ಬಂದ ಹಿಮಾಲಯನ್ 450ಕ್ಕೆ ನೀರಿನ ಕೂಲಿಂಗ್ ಇದೆ, ಅದು ಇನ್ನೂ ಬೇರೆ. ಬರೀ "ಎನ್‌ಫೀಲ್ಡ್ ಇದೆ" ಅನ್ನಬೇಡಿ. ಮಾಡೆಲ್, ವರ್ಷ ಎರಡನ್ನೂ ಹೇಳಿ.

2. ಗ್ಯಾರೇಜಿಗಿಂತ ಮೊದಲು ಊರು ಆರಿಸಿ

ಇದನ್ನು ಯಾರೂ ಮಾಡುವುದಿಲ್ಲ, ನನಗೆ ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಮ್ಯಾಪು ತೆಗೆದು ದಾರಿಯುದ್ದಕ್ಕೂ ಆರೇಳುನೂರು ಕಿಲೋಮೀಟರಿಗೊಂದು "ರಿಪೇರಿ ಊರು" ಗುರುತು ಹಾಕಿಕೊಳ್ಳಿ. ಪ್ರವಾಸಿ ತಾಣವಲ್ಲ, ಕಬ್ಬಿಣದ ಕೆಲಸ ಗೊತ್ತಿರುವ ಊರು ಆಗಬೇಕು.

ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಮೇಲೆ ಹೋಗುವವರಿಗೆ ಇದರಲ್ಲಿ ಅದೃಷ್ಟವಿದೆ. ಚಿತ್ರದುರ್ಗ, ದಾವಣಗೆರೆ, ಹಾವೇರಿ ದಾಟಿದರೆ ಹುಬ್ಬಳ್ಳಿ. ವ್ಯಾಪಾರದ ದೊಡ್ಡ ಊರು, ಬೇಕಾದ ಸ್ಪೇರ್ ಸಿಗುವ ಸಾಧ್ಯತೆ ಹೆಚ್ಚು. ಮುಂದೆ ಬೆಳಗಾವಿ, ಅಲ್ಲಿ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಫೌಂಡ್ರಿಗಳು (ಎರಕದ ಕಾರ್ಖಾನೆಗಳು), ಮಷಿನ್ ಶಾಪುಗಳು. ಅದರ ಮುಂದೆ ಕೊಲ್ಹಾಪುರ. ಎರಕದ ಕೆಲಸಕ್ಕೆ ಹೆಸರಾದ ಊರು. ಆಯಿಲ್ ಡ್ರೇನ್ ಬೋಲ್ಟಿನ ಥ್ರೆಡ್ ಹೋಗಿದೆ, ಫುಟ್‌ರೆಸ್ಟಿನ ಬ್ರಾಕೆಟ್ ಮುರಿದಿದೆ, ಲಗೇಜ್ ಕ್ಯಾರಿಯರ್ ಬಿರುಕು ಬಿಟ್ಟಿದೆ ಅನ್ನಿ. ಇದಕ್ಕೆ ಬೈಕ್ ಮೆಕ್ಯಾನಿಕ್ ಒಬ್ಬನೇ ಸಾಲದು, ಅವನ ಪಕ್ಕದಲ್ಲಿ ಲೋಹ ಕಡೆಯುವ ಲೇತ್ ಮತ್ತು ವೆಲ್ಡಿಂಗ್ ಅಂಗಡಿ ಇರಬೇಕು. ಇಂಥ ಊರುಗಳಲ್ಲಿ ಅದು ಎದುರು ಬೀದಿಯಲ್ಲೇ ಸಿಗುತ್ತದೆ. ತಮಿಳುನಾಡಿನ ಕಡೆ ಹೊರಟವರಿಗೆ ಕೊಯಮತ್ತೂರು, ಗುಜರಾತಿನಲ್ಲಿ ರಾಜಕೋಟ್, ಪಂಜಾಬಿನಲ್ಲಿ ಲುಧಿಯಾನ ಅದೇ ಜಾತಿಯ ಊರುಗಳು.

ಸಿಗದ ಸ್ಪೇರ್ ಹುಡುಕುವುದಕ್ಕೆ ಬೇರೆ ಜಾಗಗಳಿವೆ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈನ ಪುದುಪೇಟೆ, ದೆಹಲಿಯ ಕರೋಲ್ ಬಾಗ್. ಲಡಾಖ್ ಕಡೆ ಹೋಗುವ ಬೈಕಿನವರಿಗೆ ಕರೋಲ್ ಬಾಗ್ ಹಳೆಯ ನಿಲ್ದಾಣ. ಅಲ್ಲಿನ ಮಾರುಕಟ್ಟೆಗೆ ಸೋಮವಾರ ರಜೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ದೆಹಲಿ ತಲುಪಿ.

ರಜೆಯ ಮಾತು ಬಂತು, ಹೇಳಿಬಿಡುತ್ತೇನೆ. ಗ್ಯಾರೇಜುಗಳ ವಾರದ ರಜೆ ಎಲ್ಲ ಕಡೆ ಭಾನುವಾರವೇ ಅಲ್ಲ. ಸೋಮವಾರ ಮುಚ್ಚುವ ಊರುಗಳಿವೆ, ಶುಕ್ರವಾರ ಮಧ್ಯಾಹ್ನ ಬಾಗಿಲು ಎಳೆಯುವ ಅಂಗಡಿಗಳಿವೆ. ಅಮಾವಾಸ್ಯೆ ದಿನ ದೊಡ್ಡ ಕೆಲಸಕ್ಕೆ ಕೈ ಹಾಕದ ಮೇಸ್ತ್ರಿಗಳೂ ಇದ್ದಾರೆ. ನಮ್ಮಲ್ಲಿ ಆಯುಧಪೂಜೆಯ ದಿನ ಸ್ಪ್ಯಾನರ್‌ಗೆ ಕುಂಕುಮ ಹಚ್ಚಿ ಇಟ್ಟಿರುತ್ತಾರೆ. ಉತ್ತರ ಭಾರತದಲ್ಲಿ, ಅದರಲ್ಲೂ ಬಿಹಾರ, ಜಾರ್ಖಂಡ್, ಬಂಗಾಳದ ಕಡೆ, ಸೆಪ್ಟೆಂಬರ್ 17ರ ಸುಮಾರಿಗೆ ವಿಶ್ವಕರ್ಮ ಪೂಜೆ. ಅವತ್ತು ಸಲಕರಣೆಗೆ ಪೂಜೆ, ಪ್ರಸಾದ ಸಿಗುತ್ತದೆ, ಕೆಲಸ ಆಗುವುದಿಲ್ಲ.

ಬೆಟ್ಟ ಹತ್ತುವ ಮೊದಲಿನ ಊರು ಎಲ್ಲಕ್ಕಿಂತ ಮುಖ್ಯ. ಲೇಹ್ ದಾರಿಯಲ್ಲಿ ಅದು ಮನಾಲಿ. ಕೇಲಾಂಗ್ ದಾಟಿದ ಮೇಲೆ ಜಿಸ್ಪಾ, ಸರ್ಚು, ಪಾಂಗ್‌ಗಳಲ್ಲಿ ಮಲಗಲು ಟೆಂಟು ಸಿಗುತ್ತದೆ, ತಿನ್ನಲು ಮ್ಯಾಗಿ ಸಿಗುತ್ತದೆ. ಕ್ಲಚ್ ಪ್ಲೇಟ್ ಸಿಗುತ್ತದೆ ಎಂದು ನಂಬಿಕೊಂಡು ಹೋಗಬೇಡಿ. ಇನ್ನೊಂದು, ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು-ಕಾಶ್ಮೀರ, ಲಡಾಖ್‌ನಲ್ಲಿ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಲ್ಲಿ ಗ್ಯಾರೇಜು ಹುಡುಕುವ ಮಾತೇ ಇಲ್ಲ. ಮ್ಯಾಪು ಮತ್ತು ನಂಬರುಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ, ನಂಬರನ್ನು ಒಂದು ಚೀಟಿಯಲ್ಲೂ ಬರೆದಿಡಿ.

3. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು

"ಇಲ್ಲಿ ಒಳ್ಳೆ ಮೆಕ್ಯಾನಿಕ್ ಯಾರಿದ್ದಾರೆ?" ಎಂದು ಕೇಳಿದರೆ ಭಾವನ ಅಂಗಡಿಗೋ ಪಕ್ಕದ ಅಂಗಡಿಗೋ ಕೈ ತೋರಿಸುತ್ತಾರೆ. "ನಿಮ್ಮ ಗಾಡಿ ಯಾರ ಹತ್ರ ಬಿಡ್ತೀರಾ ಅಣ್ಣ?" ಎಂದು ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಕೇಳಬೇಕಾದ್ದು ಬೈಕು ನಿಂತರೆ ಅವತ್ತಿನ ಸಂಪಾದನೆ ನಿಲ್ಲುವವರನ್ನು. ಊಟ ತಲುಪಿಸುವ ಹುಡುಗರು, ಕೊರಿಯರ್‌ನವರು, ಹಾಲಿನ ಕ್ಯಾನ್ ಹೊತ್ತು ಡೈರಿಗೆ ಬರುವವರು, ಮೆಡಿಕಲ್ ರೆಪ್‌ಗಳು, ಸಾಲ ವಸೂಲಿಗೆ ಹಳ್ಳಿ ಹಳ್ಳಿ ಸುತ್ತುವವರು. ಇವರಿಗೆ ಯಾರು ಬೇಗ ಮಾಡುತ್ತಾರೆ, ಯಾರು ನಾಳೆ ಬಾ ಅನ್ನುತ್ತಾರೆ, ಯಾರ ಕೆಲಸ ಒಂದು ವಾರವೂ ಬಾಳುವುದಿಲ್ಲ ಎಲ್ಲ ಗೊತ್ತು. ಪೆಟ್ರೋಲ್ ಬಂಕಿನ ಹುಡುಗರು ಪಂಕ್ಚರ್ ಅಂಗಡಿ ತೋರಿಸಲು ಸಾಕು, ಇಂಜಿನ್ ವಿಷಯಕ್ಕೆ ಅವರನ್ನು ನಂಬಿಕೊಳ್ಳಬೇಡಿ. ಹೋಟೆಲ್ ರಿಸೆಪ್ಷನ್‌ನವರು ಹೇಳಿದ ಗ್ಯಾರೇಜಿನಲ್ಲಿ ಕೆಲವೊಮ್ಮೆ ಕಮಿಷನ್ ಸೇರಿರುತ್ತದೆ.

ನನ್ನ ಪ್ರಕಾರ ಎಲ್ಲರಿಗಿಂತ ಒಳ್ಳೆಯ ಸಾಕ್ಷಿ ಸ್ಪೇರ್ ಪಾರ್ಟ್ಸ್ ಅಂಗಡಿಯವರು. ಊರಿನ ಎಲ್ಲ ಮೇಸ್ತ್ರಿಗಳೂ ಅವರ ಕೌಂಟರಿಗೆ ಬರುತ್ತಾರೆ. ಯಾರು ಕಂಪನಿ ಸ್ಪೇರ್ ಒಯ್ಯುತ್ತಾರೆ, ಯಾರು ಯಾವಾಗಲೂ ಅಗ್ಗದ ಲೋಕಲ್ ಮಾಲು ಕೇಳುತ್ತಾರೆ, ಯಾರು ತಪ್ಪು ಪಾರ್ಟ್ ಕೊಂಡು ವಾಪಸ್ ತರುತ್ತಾರೆ, ಅವರಿಗೆ ತಿಳಿಯದ್ದಲ್ಲ. ನೇರವಾಗಿ ಕೇಳಿದರೆ ಗಿರಾಕಿಗಳ ಬಗ್ಗೆ ಕೆಟ್ಟದ್ದು ಹೇಳುವುದಿಲ್ಲ. ಒಂದು ಚೈನ್ ಸ್ಪ್ರೇ ಕೊಂಡು, "ಈ ಗಾಡಿ ಕೆಲಸ ಯಾರು ಚೆನ್ನಾಗಿ ಮಾಡ್ತಾರೆ?" ಎಂದು ಕೇಳಿ. ಎರಡು ಬೇರೆ ಅಂಗಡಿಗಳಲ್ಲಿ ಒಂದೇ ಹೆಸರು ಬಂದರೆ ಅಲ್ಲಿಗೇ ಹೋಗಿ.

ಆನ್‌ಲೈನ್ ರಿವ್ಯೂಗಳಲ್ಲಿ ನಕ್ಷತ್ರ ಎಣಿಸಿ ಫಲವಿಲ್ಲ. ಕಡಿಮೆ ನಕ್ಷತ್ರ ಕೊಟ್ಟವರು ಏನು ಬರೆದಿದ್ದಾರೆ ಓದಿ. "ಲೇಟ್ ಮಾಡಿದ್ರು" ಎಂದಿದ್ದರೆ ಪರವಾಗಿಲ್ಲ, ಅದು ಕೆಲಸ ಜಾಸ್ತಿ ಇರುವ ಅಂಗಡಿ. "ಹೇಳಿದ್ದು ಒಂದು, ಬಿಲ್ಲು ಇನ್ನೊಂದು" ಎಂದು ಬೇರೆ ಬೇರೆ ತಿಂಗಳಲ್ಲಿ ಬೇರೆ ಬೇರೆ ಜನ ಬರೆದಿದ್ದರೆ ಬಿಟ್ಟುಬಿಡಿ. ಆಮೇಲೆ ಫೋಟೊ ನೋಡಿ, ಅಂಗಡಿ ಮುಂದೆ ನಿಮ್ಮ ಮಾಡೆಲ್ ಗಾಡಿ ನಿಂತಿದೆಯಾ ಎಂದು.

4. ಅಂಗಡಿ ಎದುರು ಐದು ನಿಮಿಷ ಸುಮ್ನೆ ನಿಲ್ಲಿ

ಬೋರ್ಡು, ಬಣ್ಣ, ಸೋಫಾ ಮುಖ್ಯವಲ್ಲ. ನಂಬರ್ ಪ್ಲೇಟು ನೋಡಿ. ಹುಬ್ಬಳ್ಳಿಯಲ್ಲಿ ಕೆಎ 25, ಕೆಎ 63 ಗಾಡಿಗಳು ಸಾಲಾಗಿ ನಿಂತಿದ್ದರೆ ಊರಿನವರ ನಂಬಿಕೆ ಇದೆ ಎಂದಾಯಿತು. ಹೊರ ರಾಜ್ಯದ ಗಾಡಿಗಳೇ ತುಂಬಿದ್ದರೆ ಅದು ಪ್ರವಾಸಿಗಳ ಗ್ಯಾರೇಜು. ಕೆಲಸ ಚೆನ್ನಾಗಿರಬಹುದು, ರೇಟು ಅದಕ್ಕೆ ತಕ್ಕಂತೆ ಇರುತ್ತದೆ. ಧೂಳು ಹಿಡಿದು, ಇಂಜಿನ್ ಬಿಚ್ಚಿದ ಗಾಡಿಗಳು ಮೂಲೆಯಲ್ಲಿ ಹಲವು ಬಿದ್ದಿದ್ದರೆ ಹುಷಾರು. ಈತ ಕೆಲಸ ಹಿಡಿಯುತ್ತಾನೆ, ಮುಗಿಸುವುದಿಲ್ಲ.

ಕೈ ನೋಡಿ. ಬಿಚ್ಚಿದ ಬೋಲ್ಟುಗಳನ್ನು ತಟ್ಟೆಯಲ್ಲಿ ಹಾಕುತ್ತಾನಾ, ನೆಲದ ಮೇಲೆ ಚೆಲ್ಲುತ್ತಾನಾ? ಬೋಲ್ಟಿಗೆ ಸರಿಯಾದ ಸಾಕೆಟ್ ಹಾಕುತ್ತಾನಾ, ಎಲ್ಲಕ್ಕೂ ಒಂದೇ ಅಡ್ಜಸ್ಟಬಲ್ ಸ್ಪ್ಯಾನರ್‌ನಲ್ಲಿ ಒತ್ತುತ್ತಾನಾ? ತೆರೆದಿಟ್ಟ ಇಂಜಿನ್ ಬಾಯಿಗೆ ಬಟ್ಟೆ ತುರುಕಿದ್ದಾನಾ? ಹಳೆ ಆಯಿಲ್ ಕ್ಯಾನಿಗೆ ಹೋಗುತ್ತದಾ, ಚರಂಡಿಗೆ ಹೋಗುತ್ತದಾ? ಬೋಲ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಕಂಡರೆ ಸಂತೋಷ. ಕಾಣದಿದ್ದರೆ ಅಷ್ಟಕ್ಕೇ ತಿರಸ್ಕರಿಸಬೇಡಿ, ಸಣ್ಣ ಊರುಗಳಲ್ಲಿ ಅನೇಕ ಒಳ್ಳೆಯ ಮೇಸ್ತ್ರಿಗಳ ಹತ್ತಿರ ಅದು ಇರುವುದಿಲ್ಲ. ನಿಮ್ಮ ಗಾಡಿ ಮುಟ್ಟುವವರು ಮೇಸ್ತ್ರಿಯೋ, ನಿನ್ನೆ ಸೇರಿದ ಹುಡುಗನೋ, ಅದನ್ನು ಕೇಳಿಕೊಳ್ಳಿ. ಹುಡುಗ ಬಿಚ್ಚಲಿ, ಮೇಸ್ತ್ರಿ ಬಿಗಿಯಲಿ.

5. ಸಣ್ಣ ಕೆಲಸ ಕೊಟ್ಟು ನೋಡಿ

ಚೈನ್ ಅಡ್ಜಸ್ಟ್ ಮಾಡಿಸಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ. ಗೊತ್ತಿರುವವನು ಚಕ್ರ ತಿರುಗಿಸಿ ಚೈನು ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಮೊದಲು ನೋಡುತ್ತಾನೆ. ಹಿಂದಿನ ಚಕ್ರದ ಎರಡೂ ಕಡೆಯ ಗುರುತು ಸಮವಾಗಿದೆಯಾ ಎಂದು ನೋಡುತ್ತಾನೆ. ಸ್ವಲ್ಪ ಸಡಿಲ ಬಿಡುತ್ತಾನೆ. ಅನೇಕ ಬೈಕುಗಳಿಗೆ ಅದು 25ರಿಂದ 30 ಮಿಲಿಮೀಟರ್, ನಿಮ್ಮದರ ಲೆಕ್ಕ ಮ್ಯಾನುಯಲ್‌ನಲ್ಲಿ ಇರುತ್ತದೆ. ಗೊತ್ತಿಲ್ಲದವನು ತಂತಿಯಂತೆ ಬಿಗಿದು "ಆಯ್ತು ಸಾರ್" ಅನ್ನುತ್ತಾನೆ. ಅಷ್ಟು ಬಿಗಿದರೆ ಲಗೇಜು ಹೇರಿದ ಗಾಡಿಯಲ್ಲಿ ಚೈನು, ಬೇರಿಂಗು ಎರಡೂ ಬೇಗ ಹೋಗುತ್ತವೆ. ಇಲ್ಲಿ ಪಾಸಾದವನಿಗೆ ಬ್ರೇಕ್ ಪ್ಯಾಡ್ ಕೊಡಿ.

ಆಯಿಲ್ ಬದಲಾಯಿಸುವಾಗ ಡಬ್ಬಿಯ ಮೇಲೆ ಜಾಸೊ ಎಂಎ ಅಥವಾ ಎಂಎ2 (ಬೈಕ್ ಆಯಿಲಿನ ದರ್ಜೆ) ಎಂದು ಇದೆಯಾ ನೋಡಿ. ಬಹುಪಾಲು ಬೈಕುಗಳಲ್ಲಿ ಕ್ಲಚ್ ಅದೇ ಆಯಿಲಿನಲ್ಲಿ ಮುಳುಗಿರುತ್ತದೆ. ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಾಧ್ಯತೆ ಇದೆ. "ಎಲ್ಲಾ ಒಂದೇ ಸಾರ್" ಅಂದವನ ಹತ್ತಿರ ಮುಂದಿನ ಕೆಲಸ ಮಾಡಿಸಬೇಡಿ.

6. ಮಾತು, ರೇಟು, ಸ್ಪೇರು

ರೋಗದ ಹೆಸರು ನೀವು ಹೇಳಬೇಡಿ, ಲಕ್ಷಣ ಹೇಳಿ. "ಟೈಮಿಂಗ್ ಚೈನ್ ಹೋಗಿದೆ" ಅಂದರೆ ಅದನ್ನೇ ಬದಲಾಯಿಸಿ ಕೈಗೆ ಬಿಲ್ಲು ಕೊಡುತ್ತಾರೆ. "ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಲ್ಲ, ಬಿಸಿಯಾದ ಮೇಲೆ, ಮೂರನೇ ಗೇರಿನಲ್ಲಿ ಏರು ಹತ್ತುವಾಗ ಟಕ್ ಟಕ್ ಬರುತ್ತೆ" ಅನ್ನಿ. ಸದ್ದು ಬಂದಾಗಲೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಇನ್ನೂ ಒಳ್ಳೆಯದು. ಊರಲ್ಲಿರುವ ನಿಮ್ಮ ಮೇಸ್ತ್ರಿಗೆ ವಾಟ್ಸಾಪ್ ಮಾಡಿ ಒಂದು ಮಾತು ಕೇಳಬಹುದು. ಒಳ್ಳೆಯವನು ಪ್ರಶ್ನೆ ಕೇಳುತ್ತಾನೆ, ತಾನೇ ಒಂದು ರೌಂಡು ಓಡಿಸಿ ನೋಡುತ್ತಾನೆ. ಸ್ಟಾರ್ಟ್ ಕೂಡ ಮಾಡದೆ "ಇಂಜಿನ್ ಇಳಿಸಬೇಕು" ಅಂದರೆ ಥ್ಯಾಂಕ್ಸ್ ಹೇಳಿ ಇನ್ನೊಬ್ಬರಿಗೆ ತೋರಿಸಿ. "ಇದು ನನ್ನಿಂದ ಆಗಲ್ಲ, ಅವರ ಹತ್ರ ಹೋಗಿ" ಅನ್ನುವವನ ನಂಬರ್ ಮರೆಯದೆ ತೆಗೆದುಕೊಳ್ಳಿ.

ಎತ್ತರದಲ್ಲಿ ಇನ್ನೊಂದು ಗೊಂದಲ ಇದೆ. ಲೇಹ್ ದಾರಿಯ ತಂಗ್‌ಲಂಗ್ ಲಾ ಎಂಬ ಕಣಿವೆಮಾರ್ಗದ ಎತ್ತರ 5,300 ಮೀಟರ್ ದಾಟುತ್ತದೆ. ಅಲ್ಲಿ ಗಾಳಿ ತೆಳು, ಹಾಗಾಗಿ ಯಾವ ಬೈಕಿಗೂ ಪಿಕಪ್ ಕಡಿಮೆ. ಕಾರ್ಬೊರೇಟರ್ ಗಾಡಿ ಗಾಳಿಗಿಂತ ಪೆಟ್ರೋಲು ಜಾಸ್ತಿ ಕುಡಿದು ಕಪ್ಪು ಹೊಗೆ ಬಿಡುತ್ತದೆ. ಇದು ಗಾಡಿ ಕೆಟ್ಟಿದ್ದಲ್ಲ, ಕೆಳಗಿಳಿದರೆ ಸರಿಹೋಗುತ್ತದೆ. ಇದಕ್ಕೆ ಪಿಸ್ಟನ್ ಬದಲಾಯಿಸಬೇಕು ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಬಿಚ್ಚುವ ಮೊದಲೇ ರೇಟು ಕೇಳಿ. ಸ್ಪೇರ್ ಎಷ್ಟು, ಕೂಲಿ ಎಷ್ಟು, ಬೇರೆ ಬೇರೆ. "ಬಿಚ್ಚಿದ ಮೇಲೆ ಬೇರೇನಾದರೂ ಕಂಡರೆ ಮೊದಲು ನನ್ನನ್ನು ಕರೆದು ತೋರಿಸಿ, ಆಮೇಲೆ ಬದಲಾಯಿಸಿ" ಎಂದು ಹೇಳಿ. ಸಾಧ್ಯವಾದರೆ ಸ್ಪೇರ್ ನೀವೇ ಕೊಳ್ಳಿ, ಪ್ಯಾಕೆಟ್ಟಿನ ಮೇಲಿನ ಎಂಆರ್‌ಪಿ ನೋಡಿ. ತೆರಿಗೆ ಅದರಲ್ಲೇ ಸೇರಿರುತ್ತದೆ, ಮೇಲೆ ಮತ್ತೆ ಜಿಎಸ್‌ಟಿ ಹಾಕುವಂತಿಲ್ಲ. ಹಳೆಯ ಪಾರ್ಟ್ ವಾಪಸ್ ಕೇಳಿ. ಬದಲಾಯಿಸದೇ ಬದಲಾಯಿಸಿದೆ ಅನ್ನುವುದಕ್ಕೆ ಆಗ ಅವಕಾಶವಿಲ್ಲ. ಕೂಲಿಯಲ್ಲಿ ತುಂಬಾ ಚೌಕಾಶಿ ಮಾಡಬೇಡಿ. ಐವತ್ತು ರೂಪಾಯಿ ಉಳಿಸಿದವರ ಆಕ್ಸಲ್ ನಟ್ಟು ಬಿಗಿಯುವಾಗ ಅವಸರ ಆಗುವುದು ಯಾರಿಗೂ ಬೇಡ.

ಪಂಕ್ಚರ್ ಅಂಗಡಿಯ ಲೆಕ್ಕ ಬೇರೆ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಒಂದು ಮೊಳೆ ಚುಚ್ಚಿದ್ದ ಟ್ಯೂಬ್‌ಲೆಸ್ ಟೈರಿಗೆ ಐದು ತೂತು ತೋರಿಸಿದ್ದನ್ನು ಎದುರೇ ನಿಂತು ನೋಡಿದ್ದೇನೆ. ಸೋಪಿನ ನೀರು ಹಾಕಿ ಹುಡುಕುವ ನೆಪದಲ್ಲಿ ಚೂಪಾದ ಸಲಕರಣೆಯಿಂದ ಚುಚ್ಚುವ ಆಟ ಇದು. ದೃಷ್ಟಿ ಕದಲಿಸಬೇಡಿ. ಪ್ರತಿ ಗುಳ್ಳೆಯನ್ನೂ ತೋರಿಸು ಎಂದು ಕೇಳಿ, ಚುಚ್ಚುವ ಮೊದಲು. ಅದಕ್ಕಿಂತ ಒಳ್ಳೆಯದು ಪ್ಲಗ್ ಕಿಟ್ ಮತ್ತು ಸಣ್ಣ ಪಂಪು ಇಟ್ಟುಕೊಂಡು ನೀವೇ ಮಾಡುವುದು.

ಸ್ಪೇರ್ ನಿಮ್ಮ ಹತ್ತಿರವೇ ಇದ್ದರೆ ಹಳ್ಳಿಯ ಸಾಧಾರಣ ಮೇಸ್ತ್ರಿಯೂ ಸಾಕು. ಸ್ಪ್ಲೆಂಡರ್ ಪಾರ್ಟ್ ಎಲ್ಲಿ ಬೇಕಾದರೂ ಸಿಗುತ್ತದೆ. ಹಿಮಾಲಯನ್ 411, ಎಕ್ಸ್‌ಪಲ್ಸ್ 200 ಗಾಡಿಗಳ ಮುಂದಿನ ಚಕ್ರ 21 ಇಂಚಿನದು, ಆ ಟ್ಯೂಬು ಸಣ್ಣ ಊರಲ್ಲಿ ಸಿಗುವುದು ಕಷ್ಟ. ಹೊತ್ತೊಯ್ಯಿರಿ. ಜೊತೆಗೆ ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಲಿವರ್, ಫ್ಯೂಸ್, ಸ್ಪಾರ್ಕ್ ಪ್ಲಗ್, ಚೈನ್ ಲಾಕ್, ಎಂ-ಸೀಲ್ (ಸೋರಿಕೆ ಮುಚ್ಚುವ ಅಂಟು), ಬೈಂಡಿಂಗ್ ವೈರ್. ಹೊಸ ಕ್ಲಚ್ ಕೇಬಲ್ಲನ್ನು ಹಳೆಯದರ ಪಕ್ಕದಲ್ಲೇ ಎಳೆದು ಕಟ್ಟಿಡುವುದು ಬುಲೆಟ್ ಓಡಿಸುವವರ ಹಳೇ ಉಪಾಯ. ತುಂಡಾದರೆ ಎರಡು ತುದಿ ಸಿಕ್ಕಿಸಿದರೆ ಮುಗಿಯಿತು.

7. ನಡುದಾರಿಯಲ್ಲಿ ನಿಂತೇ ಹೋದರೆ

ಮೊದಲ ಪ್ರಶ್ನೆ: ಮುಂದಿನ ಊರಿನವರೆಗೆ ಓಡಿಸಬಹುದಾ? ಆಯಿಲ್ ಪ್ರೆಶರ್ ಲೈಟ್ ಹತ್ತಿದರೆ ಇಂಜಿನ್ ಆಫ್ ಮಾಡಿ, ಒಂದು ಕಿಲೋಮೀಟರೂ ಬೇಡ. ಬ್ರೇಕ್ ಲಿವರ್ ಮೆತ್ತಗಾಗಿ ಹ್ಯಾಂಡಲ್ ಮುಟ್ಟುತ್ತಿದ್ದರೂ ಬೇಡ. ಘಾಟಿ ಇಳಿಯುವಾಗ ಹೀಗಾದರೆ ನಿಲ್ಲಿಸಿ ಆರಲು ಬಿಡಿ, ಆಮೇಲೆ ಹಳೆಯ ಬ್ರೇಕ್ ಫ್ಲೂಯಿಡ್ ಬದಲಾಯಿಸಿ. ಅದು ನೀರು ಹೀರಿಕೊಂಡಿದ್ದರೆ ಬೇಗ ಕುದಿಯುತ್ತದೆ. ಎಬಿಎಸ್ ಲೈಟ್ ಮಾತ್ರ ಹತ್ತಿದ್ದರೆ ಸಾಮಾನ್ಯ ಬ್ರೇಕ್ ಹಿಡಿಯುತ್ತದೆ, ನಿಧಾನವಾಗಿ ಹೋಗಬಹುದು.

ಓಡಿಸುವ ಹಾಗಿಲ್ಲದಿದ್ದರೆ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೆದ್ದಾರಿ ಸಹಾಯವಾಣಿ 1033ಕ್ಕೆ ಫೋನ್ ಮಾಡಿ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ಇದ್ದರೆ ಅದರ ನಂಬರಿಗೂ ಮಾಡಿ. ಎರಡೂ ಸಿಗದ ಕಡೆ ಖಾಲಿ ವಾಪಸಾಗುವ ಟಾಟಾ ಏಸ್ ಅಥವಾ ಹಾಲಿನ ಗಾಡಿ ನಿಲ್ಲಿಸಿ. ಬೈಕನ್ನು ಗೇರಿನಲ್ಲಿಟ್ಟು, ಹ್ಯಾಂಡಲ್‌ಗೆ ಎರಡೂ ಕಡೆಯಿಂದ ಹಗ್ಗ ಬಿಗಿದು, ಬೈಕಿನ ಜೊತೆ ನೀವೂ ಹೋಗಿ. ಮತ್ತೆ, ಹತ್ತಿರದ ಗ್ಯಾರೇಜಿಗೇ ಇಳಿಸಬೇಕೆಂದೇನೂ ಇಲ್ಲ. ಅರ್ಧ ಗಂಟೆ ಮುಂದೆ ನೀವು ಗುರುತಿಸಿದ್ದ ಊರು ಇದ್ದರೆ ಅಲ್ಲಿಗೇ ಹೋಗಿ.

8. ಕೆಲಸ ಮುಗಿದ ಮೇಲೆ

ದುಡ್ಡು ಕೊಡುವ ಮೊದಲು ಊರಿನ ಸುತ್ತ ಎಂಟ್ಹತ್ತು ಕಿಲೋಮೀಟರ್ ಓಡಿಸಿ ಬನ್ನಿ. ನಿಲ್ಲಿಸಿ ಕೆಳಗೆ ಒಂದು ಪೇಪರ್ ಹಾಸಿ, ಆಯಿಲ್ ಹನಿ ಬೀಳುತ್ತದಾ ನೋಡಿ. ಆಕ್ಸಲ್ ನಟ್ಟು, ಬ್ರೇಕ್ ಕ್ಯಾಲಿಪರ್ ಬೋಲ್ಟು, ಡ್ರೇನ್ ಬೋಲ್ಟು ಮೂರನ್ನೂ ನಿಮ್ಮದೇ ಸ್ಪ್ಯಾನರ್ ಹಾಕಿ ಮುಟ್ಟಿ ನೋಡಿ. ಹೊಸ ಬ್ರೇಕ್ ಪ್ಯಾಡ್ ಹಾಕಿದ್ದರೆ ಲಿವರನ್ನು ನಾಲ್ಕೈದು ಸಲ ಒತ್ತಿ ಗಟ್ಟಿಯಾದ ಮೇಲೆಯೇ ಹೊರಡಿ. ಮಲ್ಟಿಮೀಟರ್ ಇದ್ದರೆ, ಇಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.5ರಿಂದ 14.5 ವೋಲ್ಟ್ ಬರುತ್ತಿದೆಯಾ ನೋಡಿಕೊಳ್ಳಿ.

ಇಂಜಿನ್ ಬಿಚ್ಚಿದ ಕೆಲಸವಾದರೆ ಆ ರಾತ್ರಿ ಅದೇ ಊರಿನಲ್ಲಿ ಉಳಿಯಿರಿ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಸದ್ದು ಕೇಳಿ, ಆಮೇಲೆ ಹೊರಡಿ. ಐವತ್ತು ಕಿಲೋಮೀಟರ್ ಆದ ಮೇಲೆ ಟೀ ಕುಡಿಯುವ ನೆಪದಲ್ಲಿ ಇನ್ನೊಮ್ಮೆ ಎಲ್ಲ ನೋಡಿ. ಬಿಲ್ಲು ಕೊಡದ ಅಂಗಡಿಯಾದರೆ ಒಂದು ಚೀಟಿಯಲ್ಲಿ ಏನೇನು ಬದಲಾಯಿಸಿದರು ಎಂದು ಬರೆಸಿಕೊಳ್ಳಿ, ಕಿಲೋಮೀಟರ್ ರೀಡಿಂಗ್ ಜೊತೆಗೆ ಫೋಟೊ ತೆಗೆಯಿರಿ. ಮುಂದಿನ ಊರಿನ ಮೇಸ್ತ್ರಿ ಮೊದಲು ಕೇಳುವುದೇ ಅದನ್ನು. ಕೆಲಸ ಮಾಡಿದ ಮೇಸ್ತ್ರಿಯ ನಂಬರ್ ಸೇವ್ ಮಾಡುವಾಗ ಬರೀ ಹೆಸರು ಹಾಕಬೇಡಿ, ಊರು, ಯಾವ ಕೆಲಸ, ವಾರದ ರಜೆ ಯಾವತ್ತು, ಮೂರನ್ನೂ ಸೇರಿಸಿ. ವಾಪಸ್ ಬರುವ ದಾರಿಯೂ ಅದೇ ತಾನೇ.